ಇಬ್ಬರೂ ಲೆಫ್ಟ್ ಕಾರ್ನರ್

ನಮ್ಮೂರ ಕಬಡ್ಡಿ ತಂಡಕ್ಕೆ ಆ ವರ್ಷ ನಾಲ್ವರು ತಾರಾ ಆಟಗಾರರು ಬರುತ್ತಾರೆಂದು ನನಗೆ ತಿಳಿದದ್ದು ಬ್ಯಾನರಿನಿಂದ. ದುಮ್ಮವಾಡದ ರಸ್ತೆಯ ತಿರುವಿನಲ್ಲಿ, ಬಸ್ಸು ನಿಲ್ಲುವ ಕಡೆ, ಎರಡಾಳೆತ್ತರದ ಬ್ಯಾನರು ಕಟ್ಟಿದ್ದರು. ನಾಲ್ವರೂ ತಾರೆಯರು ತೊಡೆ ತಟ್ಟಿಕೊಂಡು ನಿಂತಿದ್ದರು. ಅವರಿಗಿಂತ ದೊಡ್ಡದಾಗಿ ಕಮಿಟಿಯ ಅಧ್ಯಕ್ಷರು ಕೈಮುಗಿದುಕೊಂಡು ನಿಂತಿದ್ದರು. ತೀರ ಕೆಳಗೆ, ಅಂಚೆಚೀಟಿ ಗಾತ್ರದಲ್ಲಿ, ಊರಿನ ಹಳೆಯ ಆಟಗಾರರ ಸಾಲು. ಆ ಸಾಲಿನ ಕೊನೆಯಲ್ಲಿದ್ದವರು ನನ್ನ ಯಜಮಾನರು. ಹನ್ನೆರಡು ವರ್ಷ ರೈಟ್ ಕಾರ್ನರಿನಲ್ಲಿ ನಿಂತು ಮಂದಿಯ ಕಾಲು ಹಿಡಿದ ಮನುಷ್ಯನಿಗೆ ಬ್ಯಾನರಿನವರು ಕಾಲನ್ನೇ ಕತ್ತರಿಸಿ ಎದೆಮಟ್ಟ ಮಾತ್ರ ಉಳಿಸಿದ್ದರು.

ಟಿವಿಯಲ್ಲಿ ಕಬಡ್ಡಿ ಲೀಗು ಬರಲು ಶುರುವಾದ ಮೇಲೆ ನಮ್ಮ ಕಡೆಯ ಪ್ರತಿ ಊರಿಗೂ ತಾರೆಯರ ಹುಚ್ಚು ಹಿಡಿದಿದೆ. ಗೋವಿನಜೋಳದ ರಾಶಿ ಮುಗಿಯುವುದೇ ತಡ, ಊರೂರಲ್ಲಿ ಪಂದ್ಯಗಳು ಏಳುತ್ತವೆ. ಮೊದಲು ಊರಿನವರೇ ಆಡಿ, ಊರಿನವರೇ ಸೋತು, ಊರಿನವರೇ ಬೈಸಿಕೊಳ್ಳುತ್ತಿದ್ದರು. ಈಗ ಬೈಸಿಕೊಳ್ಳುವುದಕ್ಕೂ ಹೊರಗಿನವರನ್ನು ಸಂಬಳ ಕೊಟ್ಟು ತರುತ್ತಾರೆ.

ಬ್ಯಾನರು ಕಟ್ಟಿದ ಮರುದಿನ ಅಧ್ಯಕ್ಷರು ನಮ್ಮ ಮನೆಗೆ ಬಂದರು. ಊರಿಗೆಲ್ಲ ಅವರು ಕಾಕಾ. ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ, ಊರಿಗೆಲ್ಲ ಪಿ.ಟಿ. ಅಕ್ಕೋರು.

"ಅಕ್ಕೋರ, ಜರ್ಸಿ ಬಿಡುಗಡಿ ದಿನ ಟೀಮಿನ ಬಗ್ಗಿ ಮೈಕಿನ್ಯಾಗ ನೀವ ನಾಕ್ ಮಾತು ಹೇಳಬೇಕ್ರಿ. ಯಾರ್ ಏಳು ಮಂದಿ ಆಡಬೇಕು ಅನ್ನೂದೂ ನೀವ ಬರದು ಓದಿಬಿಡ್ರಿ. ನಾವು ಹೊಲಾ ಮಾಡೂ ಮಂದಿ, ನಮಗೇನ್ ತಿಳೀತೈತಿ?"

ತಿಳಿಯದ ಮಂದಿ ನಾಲ್ವರನ್ನು ಆರಿಸಿ ಬ್ಯಾನರು ಕಟ್ಟಿದ್ದರು. ನಾನು ಹೂಂ ಅಂದೆ. ಕಾಕಾ ಬಸಿಯಲ್ಲಿದ್ದ ಚಹಾ ನೋಡುತ್ತ ಮೆಲ್ಲಗೆ ಸೇರಿಸಿದರು: "ಅವತ್ತ ನಿಮ್ಮ ಯಜಮಾನ್ರಿಗೂ ಒಂದು ಸನ್ಮಾನ ಇಟ್ಕೊಂಡೇವ್ರಿ. ಹಿರಿಯ ಆಟಗಾರರು ಅದಾರಲ್ಲ, ಶಾಲು ಹೊಚ್ಚೋಣು ಅಂತ."

ನಮ್ಮ ಕಡೆ ಒಬ್ಬರನ್ನು ತೆಗೆದುಹಾಕುವ ಪದ್ಧತಿ ಇದು. ಸೊಸೈಟಿಯಿಂದಾಗಲಿ, ಶಾಲೆಯ ಕಮಿಟಿಯಿಂದಾಗಲಿ, 'ನೀ ಇನ್ನ ಸಾಕು' ಎಂದು ಬಾಯಿ ಬಿಟ್ಟು ಹೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ಶಾಲು ಹೊದಿಸುತ್ತಾರೆ, ಹಣ್ಣಿನ ಬುಟ್ಟಿ ಕೊಡುತ್ತಾರೆ, ಫೋಟೋ ತೆಗೆಯುತ್ತಾರೆ. ಮನೆಗೆ ಬಂದು ಬಾಳೆಹಣ್ಣು ಸುಲಿಯುವ ಹೊತ್ತಿಗೆ ನಮಗೇ ಅರ್ಥವಾಗಬೇಕು. ಒಳಕೋಣೆಯಲ್ಲಿ ಕುಳಿತಿದ್ದ ನಮ್ಮವರಿಗೆ ಆಗಲೇ ಅರ್ಥವಾಯಿತು. ಅವರು ಲೈನ್‌ಮನ್, ಕಂಬ ಹತ್ತುವ ಪಟ್ಟಿ ಹೆಗಲಿಗೆ ಹಾಕಿಕೊಂಡು ಹಿತ್ತಲ ಬಾಗಿಲಿನಿಂದ ಹೊರಟುಹೋದರು. ಅಂದು ಊರಲ್ಲಿ ಯಾವ ಕಂಬವೂ ಕೆಟ್ಟಿರಲಿಲ್ಲ.

ಕಾಕಾ ಆಟಗಾರರನ್ನು ಆರಿಸಿದ ರೀತಿಯನ್ನು ಹೇಳಲೇಬೇಕು. ಎತ್ತು ಆರಿಸುವುದರಲ್ಲಿ ಅವರು ಇಡೀ ತಾಲೂಕಿಗೆ ಹೆಸರಾದವರು. ಎತ್ತು ಕೊಳ್ಳಲು ಹೋಗುವವರು ಇವರನ್ನು ಕೈಹಿಡಿದು ಕರೆದೊಯ್ಯುತ್ತಾರೆ. ಹಲ್ಲು ನೋಡಿ, ಗೊರಸು ನೋಡಿ, ಬೆನ್ನು ಚಪ್ಪರಿಸಿ, ನಾಲ್ಕು ಹೆಜ್ಜೆ ನಡೆಸಿ, ಕೊನೆಗೆ ಒಂದು ಪ್ರಶ್ನೆ ಕೇಳುತ್ತಾರೆ: "ಎಡಕ್ಕ ಹೂಡಿದ್ದೋ, ಬಲಕ್ಕ ಹೂಡಿದ್ದೋ?" ನೊಗದ ಎಡಕ್ಕೆ ಪಳಗಿದ ಎತ್ತನ್ನು ಬಲಕ್ಕೆ ಕಟ್ಟಿದರೆ ಎರಡೂ ಎತ್ತು ಹಾಳು, ಹೊಲವೂ ಸೊಟ್ಟ. ಆಟಗಾರರನ್ನೂ ಕಾಕಾ ಹೀಗೆಯೇ ಬೆನ್ನು ಚಪ್ಪರಿಸಿ, ನಡೆಸಿ, ಮೀನಖಂಡ ಹಿಚುಕಿ ನೋಡಿದರಂತೆ. ಹಲ್ಲು ನೋಡಿದರೋ ಇಲ್ಲವೋ ಗೊತ್ತಿಲ್ಲ, ನೋಡಿರಲಿಕ್ಕೂ ಸಾಕು.

ಪಂದ್ಯಗಳಿಗೆ ಇನ್ನು ಇಪ್ಪತ್ತು ದಿನವಿರುವಾಗ ತಾರೆಯರು ಬಂದಿಳಿದರು. ನಾನು ವಹಿ ಪೆನ್ನು ಹಿಡಿದುಕೊಂಡು ಶಾಲೆಯ ಮೈದಾನಕ್ಕೆ ಹೋದೆ. ಹಳೆಯ ಆಟಗಾರರನ್ನೇ ಎದುರಿಗೆ ನಿಲ್ಲಿಸಿ ಆಟ ಶುರುಮಾಡಿಸಿದೆ. ನೋಡಲು ಅರ್ಧ ಊರು ಬಂದಿತ್ತು.

ಮೊದಲನೆಯ ತಾರೆ ರೇಡರ್, ಎದುರಾಳಿಗಳ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವವನು. ನುಗ್ಗುವುದರಲ್ಲಿ ಎರಡು ಮಾತಿಲ್ಲ. ಮೈಯಲ್ಲಿ ಎಲುಬಿದೆಯೋ ಇಲ್ಲವೋ ಎನ್ನುವಂತೆ ಬಳುಕುತ್ತಿದ್ದ. ಆದರೆ ಮುಟ್ಟಿದ ಕೂಡಲೇ ಗೆರೆಯತ್ತ ಓಡುವ ಬದಲು, ತನ್ನ ವಿಡಿಯೋ ತೆಗೆಯುವ ಗೆಳೆಯ ಎಲ್ಲಿದ್ದಾನೆಂದು ಹುಡುಕುತ್ತಿದ್ದ. ಅಷ್ಟರಲ್ಲಿ ನಮ್ಮ ಹಿಟ್ಟಿನ ಗಿರಣಿಯವನು ಅವನ ಸೊಂಟ ಹಿಡಿದು ಕೂರಿಸುತ್ತಿದ್ದ. ಇದು ಒಂದು ಸಲವಲ್ಲ, ನಾಲ್ಕು ಸಲ ನಡೆಯಿತು.

ಎರಡನೆಯವನು 'ಟಿವಿಯಲ್ಲಿ ಬಂದಾತ'. ಆ ವಿಡಿಯೋವನ್ನು ಕಾಕಾ ತಂಬೂರು ಊರಿನ ಬೀಗರಿಗೂ ತೋರಿಸಿ ಬಂದಿದ್ದರು. ನಾನೂ ನೋಡಿದೆ. ಗೆದ್ದ ತಂಡದವರೆಲ್ಲ ಅಪ್ಪಿಕೊಂಡು ಕುಣಿಯುತ್ತಿರುವಾಗ ಹಿಂದೆ ಒಬ್ಬ ನೀರಿನ ಬಾಟಲಿಗಳನ್ನು ಒಂದೊಂದಾಗಿ ಎತ್ತಿಡುತ್ತಾನೆ. ಆತನೇ ಈತ. ಅವನ ಬಗ್ಗೆ ನನ್ನ ವಹಿಯಲ್ಲಿ 'ಅಚ್ಚುಕಟ್ಟಿನ ಮನುಷ್ಯ' ಎಂದು ಬರೆದುಕೊಂಡೆ. ಅದು ಸುಳ್ಳಲ್ಲ, ಆಟ ಮುಗಿದ ಮೇಲೆ ಮೈದಾನದ ಬಾಟಲಿಗಳನ್ನೆಲ್ಲ ಅವನೇ ಎತ್ತಿಟ್ಟ.

ಉಳಿದ ಇಬ್ಬರು ಕಾರ್ನರಿನವರು. ಅಂಕಣದ ಎರಡು ಮೂಲೆಗಳಲ್ಲಿ ನಿಂತು, ರೇಡರ್ ಬೆನ್ನು ತಿರುಗಿಸಿದ ಕ್ಷಣವೇ ಹಾರಿ ಪಾದ ಹಿಡಿಯುವುದು ಕಾರ್ನರಿನ ಕೆಲಸ. ಒಬ್ಬ ಬೆಳಗಾವಿ ಕಡೆಯವನು, ಇನ್ನೊಬ್ಬ ಅಳ್ನಾವರದವನು. ಇಬ್ಬರೂ ನಿಜವಾಗಿ ಒಳ್ಳೆಯ ಆಟಗಾರರು, ಆ ಮಾತನ್ನು ನಾನು ಕೊನೆಯತನಕ ಬದಲಿಸಿಲ್ಲ. ನಾನು ಸೀಟಿ ಊದಿ "ನಿಮ್ಮ ನಿಮ್ಮ ಜಾಗಾಕ್ಕ ಹೋಗ್ರಿ" ಅಂದೆ. ಬೆಳಗಾವಿ ಕಡೆಯವನು ಎಡ ಮೂಲೆಗೆ ಹೋಗಿ ನಿಂತ. ಅಳ್ನಾವರದವನೂ ಎಡ ಮೂಲೆಗೇ ಹೋಗಿ ಅವನ ಬಾಜು ನಿಂತ. ಬಸ್ಸಿನಲ್ಲಿ ಒಂದೇ ಸೀಟಿಗೆ ಟವೆಲ್ ಹಾಕಿದವರಂತೆ ಒಬ್ಬರನ್ನೊಬ್ಬರು ನೋಡಿಕೊಂಡರು.

"ನಾ ಲೆಫ್ಟ್ ಕಾರ್ನರ್ ರೀ," ಅಂದ ಒಬ್ಬ.

"ನಾನೂ ಲೆಫ್ಟ್ ಕಾರ್ನರ್ ರೀ," ಅಂದ ಇನ್ನೊಬ್ಬ.

ಬಲ ಮೂಲೆ ಖಾಲಿ ಇತ್ತು. ನಾನು ತಿರುಗಿ ಕಾಕಾನ ಕಡೆ ನೋಡಿದೆ. ಎತ್ತಿಗೆ ಕೇಳುವ ಆ ಒಂದು ಪ್ರಶ್ನೆಯನ್ನು ಮನುಷ್ಯರಿಗೆ ಕೇಳುವುದನ್ನು ಅವರು ಮರೆತಿದ್ದರು. ಗಿರಣಿಯವನು ಹಿಂದಿನಿಂದ ಕೂಗಿದ: "ಕಾಕಾ, ಎರಡೂ ಎಡಕ್ಕ ಹೂಡಿದ್ದ ತಂದೀರಲ್ಲೋ!" ಇಡೀ ಮೈದಾನ ಬಿದ್ದು ಬಿದ್ದು ನಕ್ಕಿತು. ಕಾಕಾ ಮುಖ ಒರೆಸಿಕೊಂಡು, ಬಿಸಿಲು ಅಗದಿ ಜೋರೈತಿ ಎಂದು ಹೊರಟುಹೋದರು.

ಸಂಜೆಯ ಹೊತ್ತಿಗೆ ಸನ್ಮಾನ ರದ್ದಾಯಿತು. ತಂದಿಟ್ಟಿದ್ದ ಶಾಲನ್ನು ಪಂಚಾಯ್ತಿಯ ನಿವೃತ್ತ ಗುಮಾಸ್ತರೊಬ್ಬರಿಗೆ ಹೊದಿಸುವುದೆಂದು ತೀರ್ಮಾನವಾಯಿತು. ಅವರು ಕಬಡ್ಡಿ ನೋಡಿದವರೂ ಅಲ್ಲ. ಕಮಿಟಿಯವರು ಮೂವರು ನಮ್ಮ ಮನೆಗೆ ಬಂದು ನಮ್ಮವರ ಹೆಗಲ ಮೇಲೆ ಕೈಹಾಕಿ "ನೀವಿಲ್ಲಂದ್ರ ಟೀಮ್ ಎಲ್ಲಿಂದ ಬಂತ್ರಿ?" ಅಂದರು. ನಮ್ಮವರಿಗೆ ಮೂವತ್ತೆಂಟು ವರ್ಷ. ಅವತ್ತು ಅವರ ಮುಖ ನಮ್ಮ ಮದುವೆಯ ವರ್ಷದ ಮುಖದಂತಿತ್ತು. ಮರುದಿನ ಬೆಳಗ್ಗೆ ಐದಕ್ಕೇ ಎದ್ದು, ಪೆಟ್ಟಿಗೆಯಿಂದ ಮೊಣಕಾಲಿನ ಪಟ್ಟಿ ತೆಗೆದು ಹಾಕಿಕೊಂಡು ಓಡಲು ಹೋದರು.

ಇಷ್ಟೂ ದಿನ ನಗುತ್ತಿದ್ದ ನನಗೆ ಆಗ ನಗು ನಿಂತಿತು. ಆ ಮೊಣಕಾಲು ನನಗೆ ಗೊತ್ತಿತ್ತು. ಕಂಬ ಇಳಿಯುವಾಗ ಅದು ಕಟಕ್ ಅನ್ನುತ್ತದೆ. ಇನ್ನೊಂದು ಸಲ ತಿರುಚಿದರೆ ಕಂಬದ ಮಾತು ಬಿಡಿ, ಸೈಕಲ್ಲೂ ಕಷ್ಟ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಮೊಣಕಾಲಿಗಿಂತ ದೊಡ್ಡ ಮಾತು ಇನ್ನೊಂದಿತ್ತು. ಎರಡು ವರ್ಷದಿಂದ ಅವರ ಹಿಡಿತ ಸಡಿಲವಾಗಿತ್ತು. ಹಾರುವುದು ಅರ್ಧ ಕ್ಷಣ ತಡವಾಗುತ್ತಿತ್ತು, ಕೈಗೆ ಸಿಕ್ಕ ಪಾದ ಜಾರುತ್ತಿತ್ತು. ನೋಡುವವರಿಗೆ ರೇಡರ್ ಚುರುಕು ಎನಿಸುತ್ತಿತ್ತು. ಮಕ್ಕಳಿಗೆ ಕಬಡ್ಡಿ ಕಲಿಸಿ ಸಂಬಳ ತೆಗೆದುಕೊಳ್ಳುವ ನನಗೆ ಯಾರು ಚುರುಕು, ಯಾರು ತಡ ಎಂಬುದು ಕಾಣದೇ?

ಮುಂದಿನ ಮೂರು ದಿನ ಏಳು ಮಂದಿಯ ಪಟ್ಟಿ ಬರೆದೆ, ಹರಿದೆ, ಮತ್ತೆ ಬರೆದೆ. ನಮ್ಮವರು ಪಟ್ಟಿಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕೇಳುವ ಅಗತ್ಯ ಅವರಿಗೆ ಕಂಡಿರಲಿಲ್ಲ.

ಜರ್ಸಿ ಬಿಡುಗಡೆ ಪಂಚಾಯ್ತಿಯ ಮುಂದೆ. ಮೈಕ್ ಕೈಗೆ ಬಂದದ್ದೇ ನನಗೆ ಉಮೇದು ಬಂತು. ತಾರೆಯರನ್ನು ಒಬ್ಬೊಬ್ಬರನ್ನಾಗಿ ವರ್ಣಿಸಿದೆ. ನಮ್ಮ ರೇಡರ್ ಮುಟ್ಟಿ ವಾಪಸು ಬಂದರೆ ಅದು ಪವಾಡ, ಬರದಿದ್ದರೆ ವಿಡಿಯೋ ಅಂದೆ. ಬಾಟಲಿಯ ವಿಷಯ ಹೇಳಿದೆ. ಪಾಪ, ಅವನೂ ನಕ್ಕ. ಎರಡೂ ಮೂಲೆಗೆ ಎಡದವರನ್ನೇ ತಂದ, ಹೇಳಬೇಕಾದ ಮಾತಿಗೆ ಶಾಲು ತಂದ ಕಮಿಟಿಯನ್ನು ಚೆನ್ನಾಗಿ ಝಾಡಿಸಿದೆ. ಮಂದಿ ಸೀಟಿ ಹೊಡೆದರು. ಆಮೇಲೆ ಏಳು ಹೆಸರು ಓದಿದೆ. ಬಲ ಮೂಲೆಗೆ ಅಳ್ನಾವರದವನು. ಇನ್ನು ಹದಿನಾರು ದಿನ ಇದೆ, ಬಲಕ್ಕೆ ಪಳಗಿಸೋಣ ಅಂದೆ.

ಸೀಟಿ ನಿಂತವು. ಕಾಕಾ ಕುರ್ಚಿಯಿಂದ ಅರ್ಧ ಎದ್ದರು. "ಅಕ್ಕೋರ, ನಿಮ್ಮ ಯಜಮಾನ್ರ ಹೆಸರು ಓದೂದು ಮರತ್ರಿ."

"ಮರತಿಲ್ರಿ ಕಾಕಾ," ಅಂದೆ. ಅದು ಮೈಕಿನಲ್ಲೇ ಹೋಯಿತು. ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತಂತೆ.

ಹೊಸ ಜರ್ಸಿ ಮಡಿಚಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ನಮ್ಮವರು ಎದ್ದು, ಜರ್ಸಿಯನ್ನು ಅಳ್ನಾವರದವನ ಕೈಗೆ ಕೊಟ್ಟು ಮನೆಗೆ ನಡೆದರು.

ಮೂರನೆಯ ದಿನ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದೆ. ತಾಟು ಮುಂದಿಟ್ಟುಕೊಂಡು ಕುಳಿತವರು ಕೇಳಿದರು: "ಖರೇ ಹೇಳು. ನನ್ನ ತಗದಿದ್ದು ಮೊಣಕಾಲಿನ ಸಲುವಾಗಿನೋ, ಆಟದ ಸಲುವಾಗಿನೋ?"

ಮೊಣಕಾಲು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರಿಗೂ ಅದೇ ಬೇಕಿತ್ತೇನೋ.

"ಆಟದ ಸಲುವಾಗಿರಿ," ಅಂದೆ. "ಎರಡ್ ವರ್ಷ ಆತು, ನೀವು ಹಿಡದ ಕಾಲು ಜಾರಾಕ್ಹತ್ತಾವು."

ಅವರು ತಾಟನ್ನು ಪಕ್ಕಕ್ಕೆ ಸರಿಸಿದರು. "ಎರಡ್ ವರ್ಷದಿಂದ ಗೊತ್ತಿತ್ತು. ದಿನಾ ಇಲ್ಲೇ ಕುಂತ ಉಣ್ತೀನಿ, ಒಂದ್ ಮಾತು ಹೇಳಾಕ ಏನಾಗಿತ್ತು ನಿನಗ? ಊರಿಗೆಲ್ಲ ಕೇಳೂಹಂಗ ಹೇಳಬೇಕಾತೇನು?"

ಕಮಿಟಿಯವರಿಗೆ ಬಾಯಿಲ್ಲವೆಂದು ನಾನು ಮೈಕ್ ಹಿಡಿದು ಆಡಿದ್ದೇ ಆಡಿದ್ದು. ಅವರು ಶಾಲನ್ನಾದರೂ ತಂದಿದ್ದರು. ನಾನು ಎರಡು ವರ್ಷ ಎದುರಿಗೆ ಕುಳಿತು ಬರೀ ರೊಟ್ಟಿ ಬಡಿದಿದ್ದೆ. ನಾಚಿಕೆಯಿಂದ ಕಣ್ಣು ತುಂಬಿತು. ಹಿಟ್ಟಿನ ಕೈಯಲ್ಲಿ ಒರೆಸಿಕೊಳ್ಳಲೂ ಆಗಲಿಲ್ಲ.

"ನೀವು ಆ ಮೂಲ್ಯಾಗ ನಿಂತಿದ್ದು ನೋಡಾಕ ನನಗ ಭಾಳ ಚಲೋ ಅನಸ್ತಿತ್ರಿ," ಅಂದೆ. "ಹೇಳಿದ್ರ ನೀವು ಬಿಟ್ಟಬಿಡ್ತಿದ್ರಿ."

ಅವರು ತಾಟು ಎತ್ತಿಕೊಂಡು ಎದ್ದರು. ಹಿತ್ತಲ ಬಾಗಿಲಿನ ತನಕ ಹೋಗಿ ನಿಂತು, ನನ್ನ ಕಡೆ ತಿರುಗದೇ ಅಂದರು: "ಇದನ್ನರ ಮೈಕಿನ್ಯಾಗ ಹೇಳಬೇಕಿತ್ತು."