ಕತ್ತರಿ ಮೇಜಿನ ಕೆಳಗಿನ ನಿದ್ದೆ

ಹೊಲಿಗೆ ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಕರೆಯುವುದು ನಿದ್ದೆ ಚಿಕ್ಕಮ್ಮ ಎಂದೇ. ಹಾಗೆಂದು ಸೋಮಾರಿ ಅಂದುಕೊಂಡೀರಿ, ಜೋಕೆ! ಅಂಗಿಗೆ ತೋಳು ಕೂಡಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಆದರೆ ಮನೆಯೆಂದರೆ ಒಂದೇ ಕೋಣೆ. ಒಂದು ಮಗ್ಗುಲಿಗೆ ಅತ್ತೆಯ ಕೆಮ್ಮು, ಇನ್ನೊಂದಕ್ಕೆ ಮಕ್ಕಳ ಒದೆತ, ಕಿಟಕಿಯಾಚೆ ಲಾರಿಗಳ ಮೆರವಣಿಗೆ. ಎಲ್ಲ ಅಡಗಿತು ಅನ್ನುವಷ್ಟರಲ್ಲಿ ನಲ್ಲಿಗೆ ನೀರು. ಹಾಗಾಗಿ ರಾತ್ರಿ ಉಳಿದ ನಿದ್ದೆಯನ್ನು ಊಟದ ಬಿಡುವಿನಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ಚಿಂದಿ ರಾಶಿಯ ಮೇಲೆ ವಸೂಲು ಮಾಡುತ್ತಿದ್ದಳು. ಆ ಕೋಳಿನಿದ್ದೆ ತಪ್ಪಿತೋ, ಎಡತೋಳು ಬಲಗಡೆ ಹೋಗಿ ಕೂತಿತೆಂದೇ ಲೆಕ್ಕ. ಕೆಟ್ಟ ಅಂಗಿಗೆ ಕೂಲಿಯಿಲ್ಲ.

ಹೊಸ ಮೇಸ್ತ್ರಿಗೆ ಇದು ಕಣ್ಣುರಿ.

"ಇದೇನು ನಿನ್ನ ತವರುಮನೆನಾ? ನಾಳೆ ಮೇಜಿನ ಕೆಳಗೆ ಕಂಡ್ರೆ ಕೆಲಸದಿಂದ ತೆಗೀತೀನಿ."

"ತವರಲ್ಲೂ ಇಷ್ಟು ಮೆತ್ತಗೆ ಹಾಸಿರ್ಲಿಲ್ಲ ಮೇಸ್ತ್ರಿ."

ಮರುದಿನ ಅವಳನ್ನು ಹಿಡಿದೇ ತೀರಬೇಕೆಂದು ಮೇಸ್ತ್ರಿ ಗಬಗಬನೆ ಉಂಡು, ಮೊದಲೇ ಹೋಗಿ ಚಿಂದಿ ರಾಶಿಯಲ್ಲಿ ಅಡಗಿ ಕೂತ. ಕೂತವನು ಒರಗಿದ. ಒರಗಿದವನು ಮಲಗಿದ. ಮಲಗಿದವನಿಗೆ ಲೋಕವೇ ಮರೆತುಹೋಯಿತು.

ಚಿಕ್ಕಮ್ಮ ಬಂದು ನೋಡುತ್ತಾಳೆ: ಮೇಜಿನಡಿಯಿಂದ ಎರಡು ಕಾಲು, ಒಂದು ಗೊರಕೆ!

"ಎಬ್ಬಿಸ್ಬೇಡ ಚಿಕ್ಕಮ್ಮಾ, ಧಣಿ ಬಂದು ನೋಡ್ಲಿ!" ಎಂದಳು ಕಾಜಾ ಹೊಲಿಯುವವಳು.

"ಬೇಡ ಕಣೇ. ಇವನು ಹೋದ್ರೆ ನಿದ್ದೇನೇ ಬರದವನು ಯಾವನಾದ್ರೂ ಬಂದಾನು!"

ಅಷ್ಟರಲ್ಲಿ ಧಣಿಯ ಚಪ್ಪಲಿ ಸದ್ದು. ಚಿಕ್ಕಮ್ಮ ಆ ಕಾಲುಗಳನ್ನು ಒಳಗೆ ತಳ್ಳಿ ಮಿಷನ್ನಿಗೆ ಹಾರಿದಳು.

"ಬಿಡುವಿನಲ್ಲೂ ಹೊಲಿಗೆನಾ? ಮೇಸ್ತ್ರಿ ಎಲ್ಲಿ?"

"ನನ್ನ ಕಾಯೋಕೆ ಇಲ್ಲೇ ಎಲ್ಲೋ ಕೂತಿದ್ದಾರೆ ಧಣಿ."

ಮೇಜಿನಡಿ ಗೊರ್ರ್ ಎಂದಿತು. ಮಿಷನ್ನು ಟರ್ರ್ ಎಂದಿತು. ಮತ್ತೆ ಗೊರ್ರ್, ಮತ್ತೆ ಟರ್ರ್.

"ಈ ಮಿಷನ್ನಿಗೆ ಎಣ್ಣೆ ಬಿಡ್ಸಮ್ಮಾ, ಪಾಪ ನರಳ್ತಿದೆ" ಎಂದು ಧಣಿ ಹೊರಟುಹೋದ.

ಎಚ್ಚೆತ್ತ ಮೇಸ್ತ್ರಿ ತಲೆತುಂಬ ದಾರ ಅಂಟಿಸಿಕೊಂಡು ತೆವಳುತ್ತ ಹೊರಬಂದ. ಮನೆಯಲ್ಲಿ ಹಸುಗೂಸು, ಹುಟ್ಟಿದಾಗಿನಿಂದ ಕಣ್ಣು ಮುಚ್ಚಲು ಬಿಟ್ಟಿಲ್ಲ ಎಂದು ಗೊಣಗಿದ.

"ನಾಳೆಯಿಂದ ಬಿಡುವಿನ ಮೊದಲರ್ಧ ನಂದು, ಉಳಿದದ್ದು ನಿಮ್ದು" ಎಂದಳು ಚಿಕ್ಕಮ್ಮ.

"ನಾನು ಮೇಸ್ತ್ರಿ ಕಣಮ್ಮಾ!"

"ಅದಕ್ಕೇ ಅರ್ಧ ಕೊಟ್ಟಿದ್ದು. ಇವತ್ತಿನ ಪಾಲು ನನಗಿನ್ನೂ ಸಿಕ್ಕಿಲ್ಲ, ಪಕ್ಕಕ್ಕೆ ಸರೀರಿ."

ಬಟ್ಟೆಚೂರೊಂದನ್ನು ಮುಖಕ್ಕೆಳೆದುಕೊಂಡು ಅವಳು ಒಳಗೆ ನುಸುಳಿದಳು. ಮೇಸ್ತ್ರಿ ಬಾಗಿಲಿನ ಕಡೆ ಕಣ್ಣಿಟ್ಟು ಅವಳ ಮಿಷನ್ನಿನ ಮುಂದೆ ಕಾವಲು ಕೂತ.