ಗೋಡೆಯಾಚೆಯ ಹಾಡುಗಾರ, ನಮ್ಮ ಮನೆಯವರು

ಮನೆಯವರ ಅಂಗಿಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕಿ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಕುಕ್ಕುತ್ತಿದ್ದೆ. ಖಾರ ಕುಟ್ಟುವ ಗಿರಣಿಯಲ್ಲಿ ದುಡಿಯುವವರ ಬಟ್ಟೆಯನ್ನು ಬರಿಗೈಯಲ್ಲಿ ಒಗೆದರೆ ಆಮೇಲೆ ಕಣ್ಣು ಮುಟ್ಟಿಕೊಳ್ಳುವ ಹಾಗಿಲ್ಲ, ಅಷ್ಟು ಖಾರ. ಆಗ ನಮ್ಮ ಮನೆ ಮಾಲೀಕರಾದ ಸ್ಟ್ಯಾನ್ಲಿ ಅಂಕಲ್ ಕಾಲಿಗೆ ಚಪ್ಪಲಿಯನ್ನೂ ಹಾಕದೆ ಹಿತ್ತಲಿಗೆ ಬಂದು ನಿಂತರು.

"ನೀಲಮ್ಮಾ, ಅವನು ಮತ್ತೆ ಹಾಡಿದಾನೆ ಕಣಮ್ಮಾ!"

ಯಾರು ಎಂದು ನಾನು ಕೇಳಲಿಲ್ಲ. "ಗಂಟಲು ಸರಿಹೋತೇನ್ರಿ ಅಂಕಲ್?" ಎಂದೆ.

"ಅದೆಲ್ಲಾ ಗೊತ್ತಿಲ್ಲ. ಹಾಡಿದಾನೆ, ಹೊಸ ಆಲ್ಬಮ್ ಬಂದಿದೆ. ಶರಣಪ್ಪ ಗಿರಣಿಯಿಂದ ಬರ್ಲಿ, ಇಬ್ರೂ ಬನ್ನಿ."

ಊರಲ್ಲಿ ಕೂತು ಓದುವ ನಿಮಗೆ ಇದು ವಿಚಿತ್ರವಾಗಿ ಕಂಡೀತು. ನನಗೂ ಹಾಗೇ ಕಂಡಿತು. ಇಂಗ್ಲೆಂಡಿನ ಯಾವುದೋ ಮುದುಕ. ಅವನ ಹೆಸರನ್ನು ನಾನು ಸರಿಯಾಗಿ ಹೇಳಲಾರೆ. ಅವನ ಹಾಡಿನ ಒಂದು ಪದವೂ ನನಗೆ ತಿಳಿಯದು. ಅವನ ಗಂಟಲಿನ ಸುದ್ದಿ ಕೇಳಿ, ಗುಲ್ಬರ್ಗದ ಕಡೆಯ ನಾನು, ದಿನಾ ಲಿಂಗಪೂಜೆ ಮಾಡದೆ ನೀರು ಕುಡಿಯದವಳು, ಸೋಪಿನ ನೊರೆಯ ಕೈಯನ್ನೇ ಜೋಡಿಸಿ "ಗುರುವೇ" ಎಂದೆ.

ನಾವು ಬೆಂಗಳೂರಿಗೆ ಬಂದದ್ದು ತೊಂಬತ್ತರ ದಶಕದ ನಡುವೆ. ಹಲಸೂರು ಎಂಬ ಹೆಸರು ಕೇಳಿ ನಮ್ಮ ಊರುಗಳ ಹಾಗೇ ಇದೂ ಒಂದು ಊರಿರಬೇಕು ಎಂದುಕೊಂಡಿದ್ದೆ. ಇಳಿದರೆ ಹಾಲಿನವನು ತಮಿಳು, ಇಸ್ತ್ರಿಯವನು ತೆಲುಗು, ಶಿವಾಜಿನಗರದ ಮಾರ್ಕೆಟ್ಟಿಗೆ ಹೋದರೆ ಉರ್ದು. ಉರ್ದು ಪರವಾಗಿಲ್ಲ, ನಮ್ಮ ಕಡೆಯ ಮಾತಿನಲ್ಲಿ ಅದು ಬೆರೆತೇ ಇದೆ. ನನಗೆ ತಿಳಿಯದೆ ಹೋದದ್ದು ಇಲ್ಲಿಯ ಕನ್ನಡ. "ಹೋಗ್ಬಿಟ್ಬಾ" ಎಂದು ಒಂದೇ ಉಸಿರಿಗೆ ಹೇಳಿದರೆ ಹೋಗಬೇಕೋ ಬರಬೇಕೋ! ಎದುರು ಮನೆಯಾಕೆ "ನಿಮ್ದು ಹುಬ್ಳಿ ಕಡೆನಾ?" ಎಂದು ಕೇಳಿದಳು. ಹುಬ್ಬಳ್ಳಿ ನಮಗೂ ದೂರ ಎಂದೆ. "ಹೂಂ, ಅದೇ, ಹುಬ್ಳಿ ಕಡೆ" ಎಂದು ತೀರ್ಮಾನ ಮಾಡಿ ಒಳಗೆ ಹೋದಳು. ಇಂದಿಗೂ ಆ ಬೀದಿಗೆ ನಾನು ಹುಬ್ಳಿಯಮ್ಮನೇ.

ಮನೆಯ ಬಾಡಿಗೆ ಭಾಗಕ್ಕೆ ಇಲ್ಲಿ 'ಪೋರ್ಷನ್' ಎನ್ನುತ್ತಾರೆ. ನಮ್ಮದು ಅಂಕಲ್ ಮನೆಯ ಹಿಂಬದಿಯ ಪೋರ್ಷನ್. ಒಂದು ಕೋಣೆ, ಅದರ ಮೂಲೆಯಲ್ಲೇ ಒಲೆ, ಇನ್ನೊಂದು ಮೂಲೆಯಲ್ಲಿ ದೇವರು. ಊರಲ್ಲಿ ದನಗಳಿಗೂ ಇದಕ್ಕಿಂತ ಹೆಚ್ಚು ಜಾಗವಿತ್ತು. ಆದರೆ ಇಲ್ಲಿ ಸೋರುತ್ತಿರಲಿಲ್ಲ. ಬಾಗಿಲಿಗೆ ಗಟ್ಟಿ ಅಗಳಿ ಇತ್ತು. ಮನೆಯವರು ಫ್ಲೋರ್ ಮಿಲ್ಲಿನಲ್ಲಿ, ಅಂದರೆ ಗಿರಣಿಯಲ್ಲಿ, ಖಾರ ಕುಟ್ಟುವ ಮಷೀನಿಗೆ ಸೇರಿಕೊಂಡರು. ಗಿರಾಕಿಗಳದ್ದೆಲ್ಲ ಮುಗಿದ ಮೇಲೆ ನಮ್ಮ ಜೋಳವನ್ನೂ ಬೀಸಿಕೊಂಡು ಬರುತ್ತಿದ್ದರು. ಅದಕ್ಕೆ ಮೊದಲು ಬೀಸಿದವರ ರಾಗಿ ಒಂದಿಷ್ಟು ಬೆರೆತೇ ಬೆರೆಯುತ್ತಿತ್ತು, ಹಾಗಾಗಿ ನಮ್ಮ ರೊಟ್ಟಿ ಯಾವಾಗಲೂ ಸ್ವಲ್ಪ ಕಪ್ಪು. ರೊಟ್ಟಿ ಸಿಕ್ಕಿತಲ್ಲ, ಅದೇ ದೇವರ ದಯೆ.

ನಮಗೂ ಅಂಕಲ್‌ಗೂ ನಡುವೆ ಒಂದೇ ಗೋಡೆ. ಭಾನುವಾರ ಅವರು ಚರ್ಚಿನಿಂದ ಬಂದವರೇ ರೆಕಾರ್ಡ್ ಹಾಕುತ್ತಿದ್ದರು. ನಾನು ಇಲ್ಲಿ ಕಣ್ಣು ಮುಚ್ಚಿ ಪೂಜೆಗೆ ಕೂತರೆ ಅಲ್ಲಿಂದ ಗಿಟಾರು ಕುಯ್ಯೋ ಎನ್ನುತ್ತಿತ್ತು, ಒಬ್ಬ ಕೂಗುತ್ತಿದ್ದ. ಕುಡುಕರ ಹಾಡಿರಬೇಕು ಎಂದುಕೊಂಡು ಒಂದು ದಿನ ಹೋಗಿ ಕೇಳಿಯೇ ಬಿಟ್ಟೆ.

ಅಂಕಲ್ ನಕ್ಕರು. "ನಾನೂ ದೇವ್ರಿಗೆ ಹೆದರೋನೇ ಕಣಮ್ಮಾ, ಒಂದು ತೊಟ್ಟು ಮುಟ್ಟಲ್ಲ. ಇದು ಬ್ಲೂಸು. ಅಮೆರಿಕಾದಲ್ಲಿ ಕರಿ ಜನ ಹತ್ತಿ ಹೊಲದಲ್ಲಿ ಬೆನ್ನು ಮುರ್ಕೊಂಡು ಹಾಡ್ತಿದ್ದ ಹಾಡು. ಅದನ್ನ ಇಂಗ್ಲೆಂಡಿನ ಈ ಹುಡುಗ್ರು ಕಲ್ತು ಹಾಡ್ತಾರೆ."

"ಹತ್ತಿ ಬಿಡಿಸೋ ಹಾಡೇನ್ರಿ?" ಎಂದೆ. ಮದುವೆಗೆ ಮುಂಚೆ ನಾನೂ ಮಡಿಲು ಕಟ್ಟಿಕೊಂಡು ಹತ್ತಿ ಬಿಡಿಸಿದವಳು, ಕಾಯಿಯ ಚೂಪಿಗೆ ಬೆರಳೆಲ್ಲ ಗೀರು. ಹಾಗಿದ್ದರೆ ಕೂಗಲಿ ಬಿಡು ಎನಿಸಿತು.

ಅಂದಿನಿಂದ ಪೂಜೆ ಬೇಗ ಮುಗಿಸಿಕೊಂಡು, ಜೋಳ ಹಸನು ಮಾಡುವ ಮೊರ ಹಿಡಿದು ಅವರ ಬಾಗಿಲ ಬಳಿ ಕೂರತೊಡಗಿದೆ. ಮನೆಯವರೂ ಬರುತ್ತಿದ್ದರು. ಅಂಕಲ್‌ಗೆ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿಲ್ಲ. ಹರೆಯದಲ್ಲಿ ಕಂಟೋನ್ಮೆಂಟಿನ ಹೋಟೆಲ್ಲುಗಳಲ್ಲಿ ಗಿಟಾರು ಬಾರಿಸಿದವರು. ಒಂದೇ ತಂಡದ ರೆಕಾರ್ಡುಗಳನ್ನು ಮೊದಲಿನಿಂದ ಕೊನೆಯವರೆಗೆ ಕಪಾಟಿನಲ್ಲಿ ನಿಲ್ಲಿಸಿ ಇಟ್ಟಿದ್ದರು. ವಾರಕ್ಕೊಂದು ಆಲ್ಬಮ್, ಸಾಲಾಗಿ. ಮುಗಿದರೆ ಮತ್ತೆ ಮೊದಲಿನಿಂದ. ಆಲ್ಬಮ್ ಎಂದರೆ ಒಂದು ಸಲಕ್ಕೆ ಸೇರಿಸಿ ಹೊರಡಿಸಿದ ಎಂಟು ಹತ್ತು ಹಾಡುಗಳ ಗಂಟು.

ಇಂಗ್ಲಿಷ್ ಓದಲು ಬರದಿದ್ದರೂ ಕವರಿನ ಚಿತ್ರ ನೋಡಿ ಗುರುತು ಹಿಡಿಯುತ್ತಿದ್ದೆ. ಮೊದಲನೆಯದರಲ್ಲಿ ಇಟ್ಟಿಗೆ ಗೋಡೆಗೆ ಒರಗಿದ ಐದು ಜನ ಸಣಕಲು ಹುಡುಗರು. ಅದರಲ್ಲಿ ಎಲ್ಲವೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಒಂದು ಸಾಲು ಹೇಳುವುದು, ಅದನ್ನೇ ಮತ್ತೆ ಹೇಳುವುದು, ಮೂರನೆಯದರಲ್ಲಿ ಉತ್ತರ ಕೊಡುವುದು. ಆಮೇಲಿನ ಕವರುಗಳಲ್ಲಿ ಕೂದಲು ಹೆಗಲಿಗಿಳಿಯಿತು, ಡ್ರಮ್ಮು ಜೋರಾಯಿತು. ಒಂದು ಬದಿ ಪೂರ್ತಿ ಒಂದೇ ಹಾಡು. ಆ ರೆಕಾರ್ಡ್ ಹಾಕಿದರೆ ನಮ್ಮ ಗೂಟಕ್ಕೆ ಹಾಕಿದ ಸೌಟು ಗೋಡೆಗೆ ಬಡಿದುಕೊಳ್ಳುತ್ತಿತ್ತು. ಎಂಬತ್ತರ ಕಾಲಕ್ಕೆ ಕೋಟು ಹಾಕಿಕೊಂಡು, ಮಷೀನಿನ ತಾಳ ಇಟ್ಟುಕೊಂಡರು. "ಪ್ಲಾಸ್ಟಿಕ್ಕಮ್ಮಾ, ಬರೀ ಪ್ಲಾಸ್ಟಿಕ್ಕು" ಎಂದು ಅಂಕಲ್ ಮುಖ ಸಿಂಡರಿಸುತ್ತಿದ್ದರು. ನನಗೇನೋ ಆ ತಾಳಕ್ಕೆ ಜೋಳ ಕೇರುವುದು ಸುಲಭವಾಗುತ್ತಿತ್ತು, ಹೇಳಲಿಲ್ಲ. ತೊಂಬತ್ತರ ಕಾಲದ ಆಲ್ಬಮ್ ಕ್ಯಾಸೆಟ್ಟಿನಲ್ಲಿತ್ತು. ಅದರಲ್ಲಿ ಅವರೆಲ್ಲ ಕುರ್ಚಿಯಲ್ಲಿ ಕೂತು ಮೆಲ್ಲಗೆ ಹಾಡಿದ್ದಾರೆ. ಒಬ್ಬ ಸತ್ತ, ಇಬ್ಬರು ಬಿಟ್ಟು ಹೋದರು, ಬೇರೆಯವರು ಬಂದರು. ಹಾಡುವವನು ಮಾತ್ರ ಅವನೇ.

"ನಮ್ಮ ಭಜನಿ ಮಂದಿನೂ ಹಿಂಗೇ ಅಂಕಲ್" ಎಂದು ಮನೆಯವರು ಒಮ್ಮೆ ಹೇಳಿದರು. "ಮಂದಿ ಬದಲಾಗ್ತಾರ, ಭಜನಿ ನಡದೇ ಇರ್ತದ."

ನಮ್ಮೂರ ಮಠದಲ್ಲಿ ಸೋಮವಾರದ ಭಜನೆಗೆ ಮುಂದೆ ಹೇಳುವವರು ಇವರೇ. ಮುಂದಿನವನು ಸಾಲು ಕೊಡಬೇಕು, ಹಿಮ್ಮೇಳದವರು ಎತ್ತಿಕೊಳ್ಳಬೇಕು. ಅವರು ಎತ್ತಿಕೊಳ್ಳುವವರೆಗೂ ಮುಂದಿನವನು ಅದೇ ಸಾಲನ್ನು ಕೊಡುತ್ತಲೇ ಇರಬೇಕು. ಕೊಟ್ಟ ಸಾಲನ್ನು ಎತ್ತದೆ ಸುಮ್ಮನೆ ಕೂರುವುದು ನಮ್ಮಲ್ಲಿ ದೊಡ್ಡ ಅವಮಾನ. ಇವರು ಕೊಟ್ಟರೆ ಎತ್ತದೆ ಇರಲು ಯಾರಿಗೂ ಆಗುತ್ತಿರಲಿಲ್ಲ, ಅಂಥ ಕಂಠ. ಆ ಕಂಠ ಕೇಳಿಯೇ ನನ್ನ ತಂದೆ ಹೆಣ್ಣು ಕೊಟ್ಟದ್ದು. ಹೊಲ ಇರಲಿಲ್ಲ, ಬೇರೇನೂ ನೋಡುವಂಥದ್ದಿರಲಿಲ್ಲ.

ಆ ಕಂಠವನ್ನು ಖಾರದ ಪುಡಿ ತಿಂದಿತು. ಮೊದಲು ಕೆಮ್ಮು, ಆಮೇಲೆ ಗೊಗ್ಗರು, ಆಮೇಲೆ ಆಸ್ಪತ್ರೆ. ಗಂಟಲೊಳಗೆ ಗಂಟು ಬೆಳೆದಿದೆ ಎಂದು ತೆಗೆದರು. ಕೆಟ್ಟ ಗಂಟಲ್ಲವಂತೆ, ಅಷ್ಟರಮಟ್ಟಿಗೆ ಶಿವ ಕಾಯ್ದ. ಗಿರಣಿ ಮಾಲೀಕ ಗೋಧಿಯ ಮಷೀನಿಗೆ ಹಾಕಿಕೊಟ್ಟ, ಅದೂ ಒಂದು ಪುಣ್ಯವೇ. ಆದರೆ ಒಂದೇ ಸೂರಿನಡಿ ಖಾರ ಹಾರದೆ ಇರುತ್ತದೆಯೇ? ಮಾತು ತಿರುಗಿ ಬಂತು, ಒಡೆದ ಕೊಳವೆಯ ಹಾಗೆ. ಹಾಡು ಬರಲಿಲ್ಲ. ಬರಲಿಲ್ಲ ಎನ್ನುವುದಕ್ಕಿಂತ ಅವರು ಹಾಡಲಿಲ್ಲ. ಶ್ರಾವಣಕ್ಕೆ ಊರಿಗೆ ಹೋಗುವುದನ್ನೂ ಬಿಟ್ಟರು. ನಮ್ಮ ಕಡೆಯಿಂದ ಬಂದು ಕಗ್ಗದಾಸಪುರದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ಗಾರೆ ಕೆಲಸದವರು ಸೇರಿ ಸೋಮವಾರದ ಭಜನೆ ಶುರು ಮಾಡಿದರು. ಮನೆಗೇ ಬಂದು ಕರೆದರು. ಇವರು ಹೋಗಲಿಲ್ಲ.

"ಹಿಂದ ಕುಂತು ದನಿಗೂಡಿಸಿದ್ರ ಆತಲ್ರಿ" ಎಂದೆ.

"ಕೊಳತ ಕಾಯಿ ದೇವ್ರಿಗಿ ಒಡೀತಾರೇನು ನೀಲಾ?" ಎಂದರು.

ಭಾನುವಾರ ಅಂಕಲ್ ಅವರ ಮನೆಗೆ ಹೋಗುವುದನ್ನೂ ಇವರು ನಿಲ್ಲಿಸಿದರು. ಕೆಲಸದಿಂದ ಬಂದು ಗೋಡೆಗೆ ಒರಗಿ ಕೂತರೆ ಮುಗಿಯಿತು. ಈ ಊರು ಕೋಣೆ ಕೊಟ್ಟಿತು, ಅನ್ನ ಕೊಟ್ಟಿತು, ಎಲ್ಲ ಸರಿ. ಆದರೆ ನಾನು ಮದುವೆಯಾದ ಮನುಷ್ಯನನ್ನು ಒಳಗಿನಿಂದ ತೆಗೆದುಕೊಂಡು ಹೋಯಿತೇ ಎಂಬ ಕೊರಗು ಸೊಂಟನೋವಿನ ಹಾಗೆ ನನ್ನ ಬೆನ್ನಿಗಂಟಿತು. ಇವರು ಇನ್ನೊಮ್ಮೆ ಹಾಡಿದರೆ ಸಾಕು, ಬೇರೇನೂ ಬೇಡ ಎಂದು ದಿನಾ ಬೇಡಿಕೊಳ್ಳುತ್ತಿದ್ದೆ. ಅದೇ ಕಾಲಕ್ಕೆ ಅಂಕಲ್ ಒಂದು ಸುದ್ದಿ ಹೇಳಿದ್ದರು: ಆ ತಂಡದ ಹಾಡುಗಾರನಿಗೂ ಗಂಟಲು ಹೋಗಿದೆ, ಇನ್ನು ಆಲ್ಬಮ್ ಬರುವುದಿಲ್ಲ. ಗುರುತಿಲ್ಲದ ಆ ಮನುಷ್ಯನನ್ನೂ ಪೂಜೆಯಲ್ಲಿ ನೆನೆಯತೊಡಗಿದೆ. ಅವನ ಜಾತಿ ಮತ ದೇವರು ನೋಡಿಕೊಳ್ಳಲಿ.

ಹೀಗೆ ವರ್ಷಗಳು ಕಳೆದ ಮೇಲೆ, ಎರಡು ಸಾವಿರದ ಇಸವಿ ದಾಟಿದ ಮೇಲೆ, ಅಂಕಲ್ ಬರಿಗಾಲಲ್ಲಿ ಹಿತ್ತಲಿಗೆ ಬಂದದ್ದು.

ಸಂಜೆ ಮನೆಯವರನ್ನು ಹೇಗೋ ಎಬ್ಬಿಸಿ ಕರೆದೊಯ್ದೆ. ಅವರು ಒಳಗೆ ಬರದೆ ಹೊಸ್ತಿಲ ಮೇಲೇ ಕೂತರು. ಅಂಕಲ್ ಹೊಸ ಸಿ.ಡಿ. ಹಾಕಿದರು.

ಗಿಟಾರು ಬಂತು. ಆಮೇಲೆ ದನಿ. ಜೋಳದ ಒಣ ದಂಟಿನ ಸೊಪ್ಪೆಯನ್ನು ಕಾಲಲ್ಲಿ ತುಳಿದ ಹಾಗಿತ್ತು. ಮೇಲೆ ಹೋಗಬೇಕಾದಲ್ಲಿ ಹೋಗಲಿಲ್ಲ. ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು.

"ಇಂವ ಯಾರ್ರಿ? ಅಂವ ಅಲ್ಲ ಇಂವ" ಎಂದರು ಮನೆಯವರು.

"ಅವನೇ ಶರಣಪ್ಪಾ."

"ಸುಳ್ಳು ಹೇಳ್ಬ್ಯಾಡ್ರಿ."

"ಅಯ್ಯೋ, ನಿನ್ಹತ್ರ ಸುಳ್ಳು ಹೇಳಿ ನಂಗೇನು ಬರುತ್ತೆ? ಇದೇ ಹಾಡು ಮೊದಲ್ನೇ ರೆಕಾರ್ಡಲ್ಲೂ ಇದೆ. ಈಗ ತಿರುಗಾ ಹಾಡಿದಾನೆ. ತಾಳು, ಅದನ್ನೂ ಹಾಕ್ತೀನಿ, ನೀನೇ ಕೇಳು."

ಇಟ್ಟಿಗೆ ಗೋಡೆಯ ರೆಕಾರ್ಡನ್ನು ತೆಗೆದು, ಒರೆಸಿ, ಸೂಜಿ ಇಟ್ಟರು. ಟೀ ಕಾಸಿ ತರುತ್ತೇನೆಂದು ಒಳಗೆ ಹೋದರು. ನಾನು ಏಳಲು ಹೋದರೆ "ನೀನು ದಿನಾ ಮಾಡೋದು ಇದ್ದೇ ಇದೆ, ಕೂತ್ಕೋಮ್ಮಾ" ಎಂದು ಗದರಿದರು. ಹುಡುಗನ ದನಿ ಕೋಣೆ ತುಂಬಿತು, ಚೂರಿಯ ಹಾಗೆ. ಮನೆಯವರು ತಲೆ ತಗ್ಗಿಸಿ ಕೇಳುತ್ತಿದ್ದರು.

ಎರಡನೆಯ ಸಾಲಿಗೆ ಬಂದಾಗ ಅದು ಅಲ್ಲೇ ನಿಂತಿತು. ಅರ್ಧ ಸಾಲು, ಮತ್ತೆ ಅದೇ ಅರ್ಧ ಸಾಲು, ಮತ್ತೆ ಅದೇ. ನನಗೆ ಹೊಳೆಯಲಿಲ್ಲ. ಮನೆಯವರೂ ತಲೆ ಎತ್ತಿದರು. ಒಮ್ಮೆ ನನ್ನ ಕಡೆ ನೋಡಿದರು, ಒಮ್ಮೆ ಖಾಲಿ ಕೋಣೆಯ ಕಡೆ. ಅವನು ಕೊಡುತ್ತಲೇ ಇದ್ದ. ಇವರ ಕೈ ತೊಡೆಯ ಮೇಲೆ ತಾಳ ಹಾಕತೊಡಗಿತು. ಆಮೇಲೆ, ಬಾಯಿ ತೆರೆದು, ಎತ್ತಿಕೊಂಡರು.

ಇಂಗ್ಲಿಷ್ ಪದವಲ್ಲ. "ಗುರುವೇ, ಗುರುವೇ" ಎಂದು ಅವನ ಧಾಟಿಗೇ ಕೂಡಿಸಿದರು. ಒಡಕು ದನಿ, ನಡುನಡುವೆ ಬರೀ ಗಾಳಿ. ಆದರೆ ಸಾಲು ತಪ್ಪಲಿಲ್ಲ. ಅವನು ಕೊಟ್ಟ, ಇವರು ಎತ್ತಿದರು. ಅವನು ಕೊಟ್ಟ, ಇವರು ಎತ್ತಿದರು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತೆ, ಸದ್ದು ಮಾಡಿದರೆ ನಿಲ್ಲಿಸಿಯಾರು ಎಂದು.

ಅಂಕಲ್ ಅಡುಗೆಮನೆಯ ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದರು. ರೆಕಾರ್ಡಿಗೆ ಗೀರು ಬಿದ್ದಿದೆ, ಸೂಜಿ ಸಿಕ್ಕಿಕೊಂಡಿದೆ ಎಂದು ಅವರಿಗೆ ಗೊತ್ತು. ರೆಕಾರ್ಡಿನ ಮೇಲೆ ಉಗುರು ತಾಗಿದರೂ ಕೂಗಾಡುವ ಮನುಷ್ಯ, ಸೂಜಿಯನ್ನು ಎತ್ತಲಿಲ್ಲ. ಕೊನೆಗೆ ಇವರಿಗೇ ಕೆಮ್ಮು ಬಂದು ನಿಂತಿತು.

"ಗೀರು ಕಣೋ ಶರಣಪ್ಪಾ" ಎಂದರು ಅಂಕಲ್ ಮೆಲ್ಲಗೆ.

ಮನೆಯವರು ನಾಚಿಕೊಂಡರು. "ನನಗೇನ್ ಗೊತ್ತರಿ? ಮುಂದಿನಂವ ಹೇಳೇ ಹೇಳ್ಲಾಕತ್ತಾನ, ಯಾರೂ ಎತ್ತವಲ್ರು. ಹಾಂಗೇ ಬಿಡ್ಲಾಕ ಬರ್ತದೇನ್ರಿ?"

ಅಂಕಲ್ ನಗಲು ಹೋಗಿ ಟೀ ಚೆಲ್ಲಿಕೊಂಡರು. ನಾವು ಮೂವರೂ ನಕ್ಕೆವು. ನನ್ನ ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಮನೆಯವರು ನನ್ನ ಕಡೆ ನೋಡಲಿಲ್ಲ. "ಆ ಹೊಸಾದು ಇನ್ನೊಮ್ಮಿ ಹಾಕ್ರಿ" ಎಂದರು. ಒಣ ಸೊಪ್ಪೆಯ ದನಿ ಮತ್ತೆ ಬಂತು. ಪೂರ್ತಿ ಕೇಳಿದರು.

ಮುಂದಿನ ಸೋಮವಾರ ಕಗ್ಗದಾಸಪುರಕ್ಕೆ ಹೋದೆವು. ಕಟ್ಟುತ್ತಿದ್ದ ಒಂದು ಬಿಲ್ಡಿಂಗಿನ ಕೆಳಗೆ ಗೋಣಿಚೀಲ ಹಾಸಿ ಜನ ಕೂತಿದ್ದರು. ಮುಂದೆ ಬನ್ನಿರೆಂದು ಕರೆದರೂ ಹೋಗದೆ ಇವರು ಹಿಮ್ಮೇಳದ ಕೊನೆಯ ಸಾಲಿನಲ್ಲಿ ಕೂತರು. ಅಷ್ಟು ಜನರ ನಡುವೆಯೂ ಆ ಒಡಕು ದನಿ ನನಗೆ ಬೇರೆಯಾಗಿಯೇ ಕೇಳಿಸಿತು. ಮಠದ ಕಲ್ಲಿನ ಗೋಡೆಗೆ ಬಡಿದು ಬರುತ್ತಿದ್ದ ಆ ಹಳೆಯ ಕಂಠ ಇನ್ನು ಇಲ್ಲ, ಅದು ನನಗೂ ತಿಳಿಯಿತು. ಇದು ಸಿಮೆಂಟಿನ ಕೆಳಗಿನ ದನಿ. ದೇವರು ಎರಡನ್ನೂ ಕೇಳಿದವನು.

ಅದೇ ವಾರ ಊರಿನಿಂದ ಮೈದುನನ ಫೋನು ಅಂಕಲ್ ಮನೆಗೆ ಬಂತು. ಪ್ರತಿ ವರ್ಷದ ಹಾಗೆ ಕೇಳಿದ, ಈ ಶ್ರಾವಣಕ್ಕಾದರೂ ಮಠದ ಭಜನೆಗೆ ಬರುತ್ತೀಯಾ ಎಂದು. ಪ್ರತಿ ವರ್ಷ ಇವರು ರಜೆ ಸಿಗುವುದಿಲ್ಲ ಎನ್ನುತ್ತಿದ್ದರು. ಈ ಸಲ "ಇಲ್ಲಿನೂ ಭಜನಿ ಅದ ತಮ್ಮಾ. ಸೋಮವಾರ ಬಿಟ್ಟು ಹ್ಯಾಂಗ ಬರ್ಲಿ?" ಎಂದರು.

ನಾನು ಬೇಡಿದ್ದು ಸಿಕ್ಕಿತ್ತು. ಆದರೂ ಆ ಮಾತು ಕೇಳಿ ಪೂರ್ತಿ ಸಂತೋಷಪಡಲಾಗಲಿಲ್ಲ. ಇಷ್ಟು ವರ್ಷ ಹಾಡದೆ ಕೂತ ಮನುಷ್ಯ ಪೂರ್ತಿ ಊರಿನವನಾಗಿಯೇ ಇದ್ದ, ಬೆಂಗಳೂರು ಅವನದ್ದಾಗಿರಲಿಲ್ಲ. ಈಗ ಹಾಡಿದ್ದರಿಂದ ಇಲ್ಲಿಯವನೂ ಆದ. ಇನ್ನು ನಾವು ಊರಿಗೆ ಹೋದರೆ ಸೋಮವಾರದೊಳಗೆ ತಿರುಗಿ ಬರಬೇಕಾದ ನೆಂಟರು.

ಫೋನ್ ಇಟ್ಟು ಬಂದವರು ಬಿಸಿನೀರು ಕೇಳಿದರು, ಕೊಟ್ಟೆ. ಹೊರಗೆ ಕಾರ್ಪೊರೇಷನ್ನಿನ ನೀರಿನ ನಲ್ಲಿಯ ಬಳಿ ಆಗಲೇ ಕೊಡಗಳ ಸದ್ದು ಶುರುವಾಗಿತ್ತು. ಕೊಡ ಎತ್ತಿಕೊಂಡು ಸಾಲಿನಲ್ಲಿ ನಿಲ್ಲಲು ಹೋದೆ.