ತಿರುನಾರಾಯಣ ಮಾಸ್ತರರ ಅಮೈನೊ ಆಮ್ಲ

ಆತಗೂರು ಹೈಸ್ಕೂಲಿಗೆ ತಿರುನಾರಾಯಣ ಮಾಸ್ತರು ಇನ್‌ಚಾರ್ಜ್ ಹೆಡ್‌ಮಾಸ್ಟರಾದದ್ದು ಎಪ್ಪತ್ತೇಳರ ಜೂನ್‌ನಲ್ಲಿ. ಅಂದಿನಿಂದ ಅವರ ನಿದ್ದೆ ಹೋಯಿತು. ಅದೇ ಶಾಲೆಯ ಕನ್ನಡ ಪಂಡಿತನಾದ ನಾನು ಕಾರಣ ಕೇಳಿದರೆ, “ಆಡಳಿತ ಕಣ್ರೀ, ನಿಮಗೆ ಗೊತ್ತಾಗಲ್ಲ” ಎನ್ನುತ್ತಿದ್ದರು. ಇರುಳೆಲ್ಲ ಎಚ್ಚರ, ಹಗಲೆಲ್ಲ ತೂಕಡಿಕೆ. ಒಮ್ಮೆ ಹಾಜರಿ ಪುಸ್ತಕದ ಮೇಲೆಯೇ ಕೆನ್ನೆಯಿಟ್ಟು ಮಲಗಿ, ಮಸಿ ಆರದ ನನ್ನ ಸಹಿಯನ್ನು ಮುಖದ ಮೇಲೆ ಹೊತ್ತು ದಿನವಿಡೀ ಓಡಾಡಿದರು. ಆಗಸ್ಟಿನಲ್ಲಿ ಇನ್‌ಸ್ಪೆಕ್ಷನ್ ಇತ್ತು. ಅಂದು ತೂಕಡಿಸಿದರೆ ಹುದ್ದೆ ಕಾಯಂ ಆಗುವ ಆಸೆಯನ್ನು ಬಿಟ್ಟಂತೆಯೇ.

ಅಷ್ಟರಲ್ಲಿ ಹಡಗಿನ ಕೆಲಸದಲ್ಲಿದ್ದ ಅವರ ಭಾವಮೈದ ಸಂಪತ್ ಕುಮಾರ ಪರದೇಶದಿಂದ ಒಂದು ಸೀಸೆ ಮಾತ್ರೆ ತಂದುಕೊಟ್ಟ. ಹೆಸರು ಟ್ರಿಪ್ಟೊಫ್ಯಾನ್. ನಿದ್ದೆಯೂ ಬರುತ್ತದೆ, ಮನಸ್ಸಿಗೂ ಉಲ್ಲಾಸ ಎಂದ. ವಿಜ್ಞಾನದ ಮಾಸ್ತರು ಸುಮ್ಮನಿರುತ್ತಾರೆಯೇ? ಸೀಸೆಯನ್ನು ಶಾಲೆಗೇ ತಂದು ನಮಗೂ ಶಾಲಾ ಕಮಿಟಿಯ ಅಧ್ಯಕ್ಷ ಹುಚ್ಚೀರಯ್ಯನಿಗೂ ಉಪನ್ಯಾಸ ಕೊಟ್ಟರು.

“ಇದು ಔಷಧಿ ಅಲ್ಲ, ಅಮೈನೊ ಆಮ್ಲ. ಹಾಲಲ್ಲಿ, ಕಡಲೆಕಾಯಲ್ಲಿ ಇರೋದೇ.”

“ಅಂಗಾರೆ ಕಡ್ಲೆಕಾಯೇ ತಿನ್ನಿ ಸಾ. ನಮ್ಮನೇಲಿ ಮೂಟೆಗಟ್ಲೆ ಬಿದ್ದದೆ” ಎಂದ ಹುಚ್ಚೀರಯ್ಯ.

“ಇದು ಶುದ್ಧವಾದದ್ದು, ಹುಚ್ಚೀರಯ್ಯ.”

“ನಮ್ದೇನ್ ಮೈಲಿಗೆಯಾ ಸಾ?”

ಮಾಸ್ತರು ಸೀಸೆಯ ಮುಚ್ಚಳ ಬಿಗಿಮಾಡಿದರು.

ಮದ್ದೂರಿನ ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ಮಾತ್ರೆ ನುಂಗುವುದು ಬಿಸಿ ಫಿಲ್ಟರ್ ಕಾಫಿಯ ಜೊತೆಗೇ. ಬರೀ ನೀರಿನಲ್ಲಿ ನುಂಗಿದರೆ ಮಾತ್ರೆ ಗಂಟಲಲ್ಲೇ ನಿಲ್ಲುತ್ತದೆಂದು ನಂಬಿಕೆ. ಊಟವಾದ ಮೇಲೆ ಒಂದು ಮಾತ್ರೆ, ಒಂದು ಲೋಟ ಗಟ್ಟಿ ಕಾಫಿ. ನಿದ್ದೆ ಬರಲಿಲ್ಲ. ಮಾತ್ರೆ ಎರಡಾಯಿತು, ಲೋಟವೂ ಎರಡಾಯಿತು. ಆಮೇಲೆ ಮೂರು.

ನಿದ್ದೆಯ ಮಾತು ಹಾಗಿರಲಿ, ಉಲ್ಲಾಸ ಮಾತ್ರ ಉಕ್ಕಿ ಹರಿಯಿತು. ಬಸ್ಸಿನಲ್ಲಿ ಕಂಡಕ್ಟರನನ್ನು ಹಿಡಿದು ನಿಲ್ಲಿಸಿ ಮಿದುಳಿನ ರಚನೆ ವಿವರಿಸಿದರು. ಡ್ರಿಲ್ ಮಾಸ್ತರರ ಸೀಟಿ ಕಸಿದು ತಾವೇ ಊದಿದರು. ಒಂದು ಪೀರಿಯಡ್ಡಿನಲ್ಲಿ ಮೂರು ಪಾಠ ಮುಗಿಸಿ, ನಾಲ್ಕನೆಯದನ್ನು ಕಾರಿಡಾರಿನಲ್ಲಿ ನನಗೆ ಮಾಡಿದರು.

“ನೋಡಿದಿರಾ ಪಂಡಿತರೇ, ಆಮ್ಲ ಕೆಲಸ ಮಾಡ್ತಿದೆ!” ಎಂದಾಗ ಅವರ ಕಣ್ಣು ಕೆಂಪು ದಾಸವಾಳದಂತಿತ್ತು.

ಇನ್‌ಸ್ಪೆಕ್ಷನ್ನಿನ ಹಿಂದಿನ ದಿನ ಅವರ ಹೆಂಡತಿ ಸರಸಮ್ಮ, “ತಿಂಗಳ ಕಾಫಿಪುಡಿ ಹನ್ನೊಂದೇ ದಿನಕ್ಕೆ ಮುಗೀತು. ಹಾಲಲ್ಲಿ ನುಂಗಿ, ಅದೂ ಒಂದೇ ಒಂದು” ಎಂದು ಲೋಟ ಕುಕ್ಕಿದರು. ಮಾಸ್ತರು ಗೊಣಗುತ್ತ ನುಂಗಿದರು.

ಮರುದಿನ ಇನ್‌ಸ್ಪೆಕ್ಟರು ಬಂದರು, ಹೆಡ್‌ಮಾಸ್ಟರು ಬರಲಿಲ್ಲ. ನಾವೇ ಗಂಟೆ ಹೊಡೆಸಿ, ಪಾಠ ಮಾಡಿ, ಕಡತ ತೋರಿಸಿದೆವು. ಮದ್ದೂರಿನಲ್ಲಿ ಮಂಡ್ಯದ ಬಸ್ಸು ಹತ್ತುವ ಮುಂಚೆ ಹೆಡ್‌ಮಾಸ್ಟರಿಗೆ ಏನಾಗಿದೆಯೋ ಮನೆಗೇ ಹೋಗಿ ನೋಡೇಬಿಡೋಣ ಎಂದರು ಇನ್‌ಸ್ಪೆಕ್ಟರು. ನಾನೂ ಹುಚ್ಚೀರಯ್ಯನೂ ಜೊತೆಗೆ ಹೋದೆವು. ಮಧ್ಯಾಹ್ನ ಮೂರು ಗಂಟೆ. ಮಾಸ್ತರು ನಡುಮನೆಯ ಚಾಪೆಯ ಮೇಲೆ ಅಂಗಾತ ಬಿದ್ದಿದ್ದರು. ಗೊರಕೆಗೆ ಗೋಡೆಯ ಕ್ಯಾಲೆಂಡರು ಅಲುಗುತ್ತಿತ್ತು.

“ಸಾ, ಏಳಿ ಸಾ! ಮಾನ ಓಯ್ತದೆ!” ಎಂದು ಹುಚ್ಚೀರಯ್ಯ ಭುಜ ಅಲುಗಿಸಿದ.

“ಎಬ್ಬಿಸಬೇಡಿ,” ಎಂದು ಇನ್‌ಸ್ಪೆಕ್ಟರು ಪಿಸುಗುಟ್ಟಿ, ಪಕ್ಕದಲ್ಲೇ ಕುಕ್ಕರಿಸಿದರು. ಹಸುಗೂಸನ್ನು ನೋಡುವಂತೆ ನೋಡಿದರು. “ನಾನು ಹೀಗೆ ಮಲಗಿ ಎಂಟು ವರ್ಷ ಆಯ್ತಮ್ಮ. ಏನು ಕೊಟ್ಟಿರಿ?”

ಸರಸಮ್ಮ ಸೀಸೆಯನ್ನೇ ಅವರ ಕೈಗಿತ್ತರು. “ಕಾಫಿ ಬಿಡಬೇಕು ಅಷ್ಟೆ” ಎಂದರು.

ವರದಿ ಬಂತು: ‘ಮುಖ್ಯೋಪಾಧ್ಯಾಯರು ಇಲ್ಲದಾಗಲೂ ಶಾಲೆ ಸುಸೂತ್ರವಾಗಿ ನಡೆಯುತ್ತಿದೆ. ಇಂಥ ಶಿಸ್ತು ಕಟ್ಟಿದವರನ್ನು ಕಾಯಂ ಮಾಡಬಹುದು.’

ನಾವೆಲ್ಲ ಪೇಡ ಹಂಚಿ ಕುಣಿದೆವು. ಮಾಸ್ತರು ಮಾತ್ರ ಪೇಡ ಮುಟ್ಟದೆ ಮೊದಲ ವಾಕ್ಯವನ್ನು ಮತ್ತೆ ಮತ್ತೆ ಓದಿದರು.

“ನಾನಿಲ್ಲದೆ ಸುಸೂತ್ರವೇ?” ಎಂದು ನಮ್ಮ ಮೇಲೆ ಹರಿಹಾಯ್ದರು. “ಏನಾದರೂ ಒಂದು ಎಡವಟ್ಟು ಮಾಡೋಕೇನ್ರೀ ಆಗಿತ್ತು ನಿಮಗೆ?”